ಒರತೆಯ ಮೇಲೆ ಕೂತಿದ್ದು

ಕುರಿ ಮೇಯುವ ಕಾವಲಿನ ನಕ್ಷೆಯನ್ನು ಸರ್ಕಾರದವರು ತಪ್ಪು ಬರೆದರು ಅಂತ ಊರಲ್ಲಿ ಹೇಳುತ್ತಾರೆ. ಇಲ್ಲ. ಸುಳ್ಳು ಹೇಳಿದ್ದು ನಾವು.

ನಾನು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಅಪ್ಪನ ಜೊತೆ ಉಳ್ಳಾರ್ತಿ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದೆ. ಅಲ್ಲೊಂದು ಹಳ್ಳ, ನೋಡಿದರೆ ಬರೀ ಮರಳು. ಆದರೆ ಒಂದು ಕಡೆ ಮೊಳದಷ್ಟು ತೋಡಿದರೆ ತಣ್ಣನೆಯ ನೀರು ಒಸರುತ್ತಿತ್ತು. ಅದೇ ನಮ್ಮ ಒರತೆ. ಕುರಿ ಕುಡಿದ ಮೇಲೆ ತಂಗಡಿ ಸೊಪ್ಪು ಹಾಸಿ, ಮರಳೆಳೆದು ಮುಚ್ಚುತ್ತಿದ್ದೆವು. ಬೇರೆ ಮಂದೆಯವರಿಗೆ ಗೊತ್ತಾದರೆ ಎರಡೇ ದಿನಕ್ಕೆ ಬತ್ತುತ್ತಿತ್ತು. ಆಮೇಲೆ ಮಳೆಗಾಲದವರೆಗೆ ನಮ್ಮ ಕುರಿ ಉಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಕ್ಷೆ ಬರೆಯುವವರು ಬಂದರು. ಮೂರು ಕಾಲಿನ ಯಂತ್ರ, ಕಬ್ಬಿಣದ ಸರಪಳಿ, ಕೆಂಪು ಬಿಳಿ ಬಣ್ಣದ ಕೋಲು. ಅವರ ಹೆಗಲಲ್ಲಿದ್ದ ನೀರಿನ ಡಬ್ಬಿ ಖಾಲಿಯಾಗಿ ಲೊಟಲೊಟ ಅನ್ನುತ್ತಿತ್ತು. ನಾವು ಆಗಷ್ಟೇ ಒರತೆ ಮುಚ್ಚಿದ್ದೆವು, ಮೇಲಿನ ಮರಳು ಇನ್ನೂ ಒದ್ದೆಯಾಗಿ ಕಪ್ಪಗಿತ್ತು. ನೀರು ಕಾಗದಕ್ಕೆ ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ ಅಂತ ಅಪ್ಪನಿಗೆ ಹೆದರಿಕೆ. ನನಗೆ ಕಣ್ಸನ್ನೆ ಮಾಡಿದ. ನಾನು ಹೋಗಿ ಅದರ ಮೇಲೆ ಕೂತುಬಿಟ್ಟೆ.

"ಇಲ್ಲೆಲ್ಲಾದರೂ ನೀರಿದೆಯೇನಪ್ಪಾ?" ಎಂದ ಟೋಪಿಯ ಸಾಹೇಬ.

"ಎಲ್ಲೈತೆ ಸ್ವಾಮಿ? ಮಳೆ ಬಂದ್ರೆ ಹರೀತೈತೆ, ಅಷ್ಟೇಯ," ಎಂದ ಅಪ್ಪ.

"ಮತ್ತೆ ನಿನ್ನ ಕುರಿ ಏನು ಕುಡೀತಾವೆ?"

"ಅವೂ ನಮ್ಮಂಗೇ ಸ್ವಾಮಿ. ಸಿಕ್ಕಾಗ ಕುಡೀತಾವೆ."

ಸಾಹೇಬ ನಕ್ಕು ಕಾಗದದಲ್ಲಿ ಏನೋ ಬರೆದ. ಕೋಲು ಹಿಡಿದಾತ ನನ್ನ ಹತ್ತಿರ ಬಂದ. ಅವನ ತುಟಿ ಒಡೆದು ರಕ್ತ ಒಣಗಿತ್ತು.

"ಏಳವ್ವಾ, ಕೋಲು ನೆಡಬೇಕು."

"ಕಾಲಿಗೆ ಮುಳ್ಳು ಚುಚ್ಚೈತೆ, ಏಳಾಕಾಗಲ್ಲ."

ಅವನು ರಟ್ಟೆ ಹಿಡಿದು ಎತ್ತಿದ. ನನ್ನ ಲಂಗ ಹಿಂದೆಲ್ಲ ಒದ್ದೆ. ಅದನ್ನು ನೋಡಿದ. ಮರಳನ್ನು ನೋಡಿದ. ತಿರುಗಿ ಕುರಿಗಳನ್ನೂ ನೋಡಿದ.

"ಮುಳ್ಳು ಜೋರಾಗೇ ಚುಚ್ಚೈತೆ. ಕೂತ್ಕೊ," ಎಂದವನೇ ಹತ್ತು ಹೆಜ್ಜೆ ಆಚೆ, ಒಣ ಮರಳಿನಲ್ಲಿ ಕೋಲು ನೆಟ್ಟ.

ಮೊನ್ನೆ ಮೊಮ್ಮಕ್ಕಳು ನೀವು ಮೊಬೈಲಿನಲ್ಲಿ ಆ ಜಾಗ ಹುಡುಕಿ, "ಅಲ್ಲಿ ನೀರೇ ಇಲ್ಲ ಅಜ್ಜಿ" ಅಂದಿರಿ. ನೀವು ಎಲ್ಲಿಗೆ ಹೋದರೂ ಫೋಟೋ ತೆಗೆದು ಲೋಕಕ್ಕೆಲ್ಲ ತೋರಿಸುತ್ತೀರಿ. ನಮಗೆ ಇದ್ದ ಒಂದು ಗುಂಡಿಯನ್ನೂ ಮುಚ್ಚಿಡಬೇಕಿತ್ತು. ಆ ಬೇಸಿಗೆ ನಮ್ಮ ಒಂದು ಕುರಿಯೂ ಸಾಯಲಿಲ್ಲ.

ನಕ್ಷೆಯವರು ಬಂದ ಮಾರನೆಯ ಬೆಳಿಗ್ಗೆ ಅಪ್ಪ ಏಳುವ ಮೊದಲೇ ಹೋಗಿ ಒರತೆ ತೋಡಿದೆ, ಬಿಂದಿಗೆ ತುಂಬಿದೆ, ಮತ್ತೆ ಮುಚ್ಚಿದೆ. ಬಿಂದಿಗೆಯನ್ನು ಹಳ್ಳದಾಚೆ ಅವರು ಹಾಕಿದ್ದ ಗುಡಾರಕ್ಕೆ ಹೊತ್ತೆ. ಕೋಲಿನವನು ಹೊರಗೆ ಕೂತಿದ್ದ. ಗಟಗಟ ಕುಡಿದು, ಉಳಿದದ್ದನ್ನು ಡಬ್ಬಿಗೆ ಸುರಿದುಕೊಂಡ. ಎಲ್ಲಿಯ ನೀರು ಅಂತ ಕೇಳಲಿಲ್ಲ. ಖಾಲಿ ಬಿಂದಿಗೆ ಇಸಿದುಕೊಂಡು ಕುರಿ ಹತ್ತಿರ ಬಂದೆ.