ಅವರೆಕಾಯಿ ಕೂಗು

ಆಗೆಲ್ಲ ಅವರೆಕಾಯಿ ಬರುತ್ತಿದ್ದದ್ದು ಚಳಿಗಾಲಕ್ಕೆ ಮಾತ್ರ. ರಾಗಿ ಕೊಯ್ದ ಹೊಲದಲ್ಲಿ ಸಾಲವರೆ ಇಬ್ಬನಿಯಲ್ಲಿ ನೆನೆದು ನಿಂತಿರುತ್ತಿತ್ತು. ಕಿತ್ತು ತಂದವರ ಕೈ, ಸೆರಗು, ಮಂಕರಿ ಇಟ್ಟ ಮೂಲೆ ಎಲ್ಲದಕ್ಕೂ ಸೊಗಡಿನ ವಾಸನೆ. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಲ್ಲಿ ಆ ದಿನಗಳಲ್ಲಿ ಯಾರ ಮನೆಗೆ ಹೋದರೂ ಮುದ್ದೆಗೆ ಅವರೆಕಾಯಿ ಸಾರೇ. ಯಾರೂ ಬೇಜಾರು ಮಾಡಿಕೊಂಡದ್ದನ್ನು ನಾನು ಕಾಣೆ.

ಅಂಥ ಒಂದು ಚಳಿಗಾಲದಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ನಮ್ಮ ಮೇಷ್ಟ್ರು ಬಂಗಾರಪೇಟೆ ಸಂತೆಯ ಮೇಲೆ ಒಂದು ನಾಟಕ ಕಟ್ಟಿದರು. ಅವರೆಕಾಯಿ ಮಾರುವವಳ ಪಾರ್ಟು ನನ್ನದು. ಮಾತು ಹೆಚ್ಚಿರಲಿಲ್ಲ, ಒಂದು ಕೂಗು ಇತ್ತು: “ಸೊಗಡವರೆ ತಂದಿವ್ನಿ ಅಕ್ಕಾ, ಮೂಸಿ ನೋಡಿ ಕೊಳ್ಳಿ ಅಕ್ಕಾ!” ಕೊನೆಯ ‘ಅಕ್ಕಾ’ವನ್ನು ಉಸಿರು ಮುಗಿಯುವತನಕ ಎಳೆಯಬೇಕು. ದನ ಅಟ್ಟುವಾಗ, ನೀರು ಸೇದುವಾಗ ಅದನ್ನೇ ಕೂಗುತ್ತಿದ್ದೆ. ನಮ್ಮಪ್ಪನ ತಾಯಿ, ನಮ್ಮಜ್ಜಿ, ಕಿವಿ ಮುಚ್ಚಿಕೊಂಡು ಓಡಾಡುತ್ತಿದ್ದಳು. ಆ ಪಾರ್ಟು ಸಿಕ್ಕಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ.

ನಾಟಕ ಇನ್ನೇನು ಬಂತು ಎನ್ನುವಾಗ ನಾನು ಮೈನೆರೆದೆ.

ಆಗಿನ ಪದ್ಧತಿಯಂತೆ ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕಬೇಕು, ಹುಡುಗಿ ಅದರೊಳಗೆ ಕೂರಬೇಕು. ಗಂಡಸರ ಕಣ್ಣಿಗೆ ಬೀಳಬಾರದು. ನಮ್ಮಮ್ಮನ ತಮ್ಮ ವೆಂಕಟೇಶಿ ಮಾವ ಆಂಡರ್ಸನ್‌ಪೇಟೆಯಲ್ಲಿದ್ದ, ಚಿನ್ನದ ಗಣಿಯೊಳಗೆ ಇಳಿಯುವ ಕೆಲಸ. ಸುದ್ದಿ ಮುಟ್ಟಿದ ಮಾರನೇ ದಿನವೇ ಬಂದು ಹೊಂಗೆ, ಅತ್ತಿ ಕೊಂಬೆಗಳನ್ನು ಕಡಿದು ಜಗಲಿಯ ಮೂಲೆಯಲ್ಲಿ ಗುಡ್ಲು ಕಟ್ಟಿದ. ಪಕ್ಕದ ಶಾಲೆಯ ಕಡೆಗಿದ್ದ ಸೊಪ್ಪಿನ ಗೋಡೆಯಲ್ಲಿ ಮಾತ್ರ ಕೈ ತೂರುವಷ್ಟು ಕಿಂಡಿ ಬಿಟ್ಟ.

“ಗಣಿ ಒಳಗೂ ಗಾಳಿ ಆಡಕ್ಕೆ ದಾರಿ ಬಿಟ್ಟಿರ್ತಾರೆ ಕಣಮ್ಮಿ. ಇದು ನಿಂಗಿರ್ಲಿ. ನಿಮ್ಮಜ್ಜಿಗೆ ಯೋಳಬ್ಯಾಡ.”

“ಮಾವ, ನಾಟ್ಕಕ್ಕೆ ಬಿಡ್ತಾರಾ?”

“ಗುಡ್ಲು ಬಿಚ್ಚೋ ದಿನ ನಿಮ್ಮಪ್ಪನ್ನ ಕೇಳ್ತೀನಿ” ಅಂದ. ಅದೊಂದು ಮಾತನ್ನು ಹಿಡಿದುಕೊಂಡು ನಾನು ಒಳಗೆ ಕೂತೆ.

ಎಳ್ಳು ಕುಟ್ಟಿದ ಚಿಗಳಿ, ಕೊಬ್ಬರಿ, ಬೆಲ್ಲ, ತುಪ್ಪ. ಬಂದವರೆಲ್ಲ ತಿನ್ನಿಸಿದ್ದೇ ತಿನ್ನಿಸಿದ್ದು. ಅವರೆಕಾಯಿ ಮಾತ್ರ ವಾಯು ಅಂತ ಕೊಡುತ್ತಿರಲಿಲ್ಲ. ಅತ್ತ ಪಡಸಾಲೆಯಲ್ಲಿ ಅಮ್ಮ, ಅಜ್ಜಿ ನೆನೆದ ಕಾಳು ಹಿತುಕುವ ಪುಚಕ್ ಪುಚಕ್ ಸದ್ದು, ಆಮೇಲೆ ಒಲೆಯಿಂದ ಹಿತುಕಿದ ಬೇಳೆ ಸಾರಿನ ಘಮ. ಬಾಯಲ್ಲಿ ಚಿಗಳಿ ಇಟ್ಟುಕೊಂಡು ನಾನು ಅಳುತ್ತಿದ್ದೆ. ಸೊಪ್ಪು ಬಾಡಿ ಒಣಗಿ ಮೈಗೆ ಚುಚ್ಚತೊಡಗಿತು. ಕಾಲು ನೀಡಿದರೆ ಗೋಡೆ, ಎದ್ದರೆ ತಲೆಗೆ ಕೊಂಬೆ. ನಾನೇನು ತಪ್ಪು ಮಾಡಿದೆ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ನನ್ನನ್ನು ನೋಡಿ ನಗುತ್ತಲೇ ಇದ್ದರು, ಅದಕ್ಕೇ ಭಯವಾಗುತ್ತಿತ್ತು.

ಮಧ್ಯಾಹ್ನ ಕಿಂಡಿಗೆ ಕಿವಿ ಕೊಟ್ಟರೆ ನಾಟಕದ ಅಭ್ಯಾಸ ಕೇಳಿಸುತ್ತಿತ್ತು. ನನ್ನ ಪಾರ್ಟನ್ನು ನನ್ನ ಗೆಳತಿ ನಾಗಿಗೆ ಕೊಟ್ಟಿದ್ದರು. ಪಾಪದವಳು, ಬಸ್ಸು ತಪ್ಪಿಹೋಗುತ್ತದೇನೋ ಎನ್ನುವ ಹಾಗೆ ಗಡಬಡ ಕೂಗಿ ಮುಗಿಸುತ್ತಿದ್ದಳು. ಒಂದು ದಿನ ಕೇಳಿ ಕೇಳಿ ತಡೆಯಲಾಗಲಿಲ್ಲ. ಕಿಂಡಿಗೆ ಬಾಯಿಟ್ಟು ಹೊಟ್ಟೆಯಿಂದ ಕೂಗಿದೆ:

“ಮೂಸಿ ನೋಡಿ ಕೊಳ್ಳಿ ಅಕ್ಕಾ...!”

ಶಾಲೆಯ ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಅಷ್ಟು ಸಂತೋಷ ನನಗೆ ಮತ್ತೆ ಆಗಿಲ್ಲ.

ಅಜ್ಜಿ ಸೌಟು ಹಿಡಿದೇ ಓಡಿ ಬಂದಳು. “ಲೇ, ಮಾನ ಕಳೀತೀಯೇನೇ! ಗುಡ್ಲಾಗಿರೋ ಎಣ್ಣು ಇಂಗಾ ಅರಚೋದು? ಊರ್ ಗಂಡಸ್ರೆಲ್ಲ ಕೇಳಿಸ್ಕೊಂಡ್ರಲ್ಲೇ!” ಎಂದು ಬೈಯುತ್ತಲೇ ಕಿಂಡಿಯನ್ನು ಕಂಡಳು. ಹಳೇ ಗೋಣಿತಟ್ಟು ತಂದು ಅದರ ಬಾಯಿಗೆ ತುರುಕಿದಳು. ಅಲ್ಲಿಂದಾಚೆ ಒಳಗೆ ಹಗಲೂ ಕತ್ತಲೆ.

ಗುಡ್ಲು ಬಿಚ್ಚುವ ದಿನ ಮಾವ ಬಂದ. ಹೊಸ ಪಂಚೆ ಉಡುಗೊರೆ ಇಸ್ಕೊಂಡು, ಮಾತು ಮರೆಯದೆ ಅಪ್ಪನನ್ನು ಕೇಳಿದ. “ಬಾವ, ಒಂದು ದಿನದ್ ನಾಟ್ಕ. ಮಗು ಆಸೆ ಪಡ್ತೈತೆ.”

“ಮಗುವಾ? ಮೊಗ್ಗಿನ ಜಡೆ ಆಕ್ಕೊಂಡು ಸೀರೆ ಉಟ್ಟವ್ಳೆ, ನೋಡು. ಇಸ್ಕೂಲೂ ಸಾಕು” ಅಂದ ಅಪ್ಪ. ಮಾವ ತಲೆ ಬಗ್ಗಿಸಿ ಒಣಸೊಪ್ಪನ್ನು ಹೊರೆ ಕಟ್ಟಿದ. ನಾನು ಇಷ್ಟು ದಿನ ಕಾದದ್ದು ಈ ಮಾತಿಗೆ.

ನಾಟಕ ನೋಡಲು ಮಾತ್ರ ಕರೆದುಕೊಂಡು ಹೋದರು. ಹೆಂಗಸರ ನಡುವೆ, ಅಜ್ಜಿಯ ಪಕ್ಕದಲ್ಲಿ ಕೂರಿಸಿದರು. ನಾಗಿ ಮಂಕರಿ ಹೊತ್ತು ಬಂದು ನಿಂತಳು. ಜನರನ್ನು ನೋಡಿ ಕೂಗು ಮರೆತುಹೋಯಿತು. ಅಲ್ಲಿ ಇಲ್ಲಿ ಹುಡುಕಿ, ಅವಳ ಕಣ್ಣುಗಳು ನನ್ನ ಮೇಲೆ ನಿಂತವು. ಕೂಗು ನನ್ನ ಗಂಟಲಲ್ಲಿತ್ತು. ಅಜ್ಜಿಯ ಕೈ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು, ಬಳೆಗಳು ಮೂಳೆಗೆ ಒತ್ತಿದವು. ನಾನು ಬಾಯಿ ಬಿಡಲಿಲ್ಲ. ನಾಗಿ ಅಳುತ್ತಾ ಒಳಗೆ ಹೋದಳು.

ಈಗ ಅಜ್ಜಿಯಿಲ್ಲ, ಮಾವನಿಲ್ಲ, ಮಾವ ಇಳಿಯುತ್ತಿದ್ದ ಗಣಿಯೂ ಮುಚ್ಚಿದೆ. ಅವರೆಕಾಯಿ ವರ್ಷವಿಡೀ ಸಿಗುತ್ತದೆ, ಮೂಸಿದರೆ ಏನೂ ಇಲ್ಲ. ಗುಡ್ಲು ಹೋದದ್ದಕ್ಕೆ ನನಗೆ ಚೂರೂ ದುಃಖವಿಲ್ಲ, ಹಾಳಾಗಿ ಹೋಗಲಿ. ಬಂಗಾರಪೇಟೆಯಲ್ಲಿ ಗಾಡಿಯವರು ಕೂಗನ್ನು ಮೊದಲೇ ತುಂಬಿಸಿಟ್ಟ ಮೈಕು ಹಾಕಿಕೊಂಡು ಬರುತ್ತಾರೆ. ಕೇಳಿದಾಗಲೆಲ್ಲ ಹೀಗಲ್ಲ, ಕೊನೆಯ ‘ಅಕ್ಕಾ’ವನ್ನು ಎಳೆಯಬೇಕು ಅನ್ನಿಸುತ್ತದೆ. ಗಂಟಲವರೆಗೂ ಬರುತ್ತದೆ. ನನ್ನ ಕೈ ಹಿಡಿಯುವವರು ಈಗ ಯಾರೂ ಇಲ್ಲ. ಆದರೂ ಮುಂಗೈ ಬಿಗಿದುಕೊಳ್ಳುತ್ತದೆ, ಒಂದು ಕೆಜಿ ಕೊಡಪ್ಪಾ ಎಂದಷ್ಟೇ ಹೇಳಿ ಚೀಲ ಒಡ್ಡುತ್ತೇನೆ.