ಅತ್ತೆಯ ಎಂಜಲು, ಅಕ್ಕನ ಟ್ರಾನ್ಸಿಸ್ಟರ್

"ಸುಮಕ್ಕನ ಯಂತ್ರ ಕೆಟ್ಟಿತ್ತು" ಎಂಬುದು ನಮ್ಮ ಬಳಗದಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಇತಿಹಾಸ. ಮೊನ್ನೆ ಡೊಂಬಿವಲಿಯ ಅತ್ತೆಯ ಮನೆಯಲ್ಲಿ ನೆಂಟರಿಗಾಗಿ ಇಟ್ಟ ಕಾಫಿಯ ಘಮ ಎದ್ದದ್ದೇ ತಡ, ಮಾವ ಅವರಿಗೆ ಆ ಕತೆಯನ್ನು ಮತ್ತೆ ಬಡಿಸಿದರು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ ಎಲ್ಲರೂ ಒಪ್ಪಿದ ಮಾತೆಂದರೆ ನಾಲಿಗೆ ತುರಿಸುತ್ತದೆ. ನೀವೇ ತೀರ್ಪು ಕೊಡಿ.

ಕೆಲವು ವರ್ಷಗಳ ಹಿಂದೆ, ಠಾಣೆ ಶಹರದಲ್ಲಿ ಹೋಟೆಲು ನಡೆಸುತ್ತಿದ್ದ ಮಾವನ ಎದೆಬಡಿತ ತಾಳ ತಪ್ಪಿದಾಗ ಡಾಕ್ಟರು ಕಾಫಿ ಬಿಡಿಸಿದರು. "ನಿಮಗಿಲ್ಲದ್ದು ನನಗೂ ಬೇಡ" ಎಂದು ಅತ್ತೆಯೂ ಬಿಟ್ಟರು. ಆ ತ್ಯಾಗದ ಕೀರ್ತಿ ವಿಠ್ಠಲವಾಡಿಯ ನೆಂಟರವರೆಗೂ ಹಬ್ಬಿತು. ಆದರೂ ಮಾವ ಹೋಟೆಲಿನಲ್ಲಿ ಕದ್ದು ಕುಡಿಯುತ್ತಾರೆಂಬ ಗುಮಾನಿ ಅತ್ತೆಗೆ. ಮಗಳು ಸುಮಕ್ಕ ಆಗ ಪಿಎಚ್‌ಡಿಗಾಗಿ ಎಂಜಲಿನಲ್ಲಿ ಕೆಫೀನ್ ಹಿಡಿಯುವ ಟ್ರಾನ್ಸಿಸ್ಟರ್ ಮಾಡುತ್ತಿದ್ದಳು.

"ಅಷ್ಟು ಸಣ್ಣ ಕೆಫೀನ್ ಕಣ ಅದಕ್ಕೆ ಹೇಗೆ ಕಾಣ್ತದೆ?" ಎಂದು ಕೆಣಕಿದ್ದೆ.

"ಲೋಕಲ್ ರೈಲಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ಸಪೂರದವ ತೂರಿದ್ರೆ ಯಾರಿಗೂ ಗೊತ್ತಾಗುದಿಲ್ಲ. ಕೂತ ಮೂವರು ಸರಿಯುದು ಮಾತ್ರ ಕಾಣ್ತದಲ್ಲ? ಕೆಫೀನಿಗೆ ವಿದ್ಯುತ್ ಚಾರ್ಜಿಲ್ಲ ಮಾರಾಯ. ಅದಕ್ಕೇ ಟ್ರಾನ್ಸಿಸ್ಟರಿನ ಮೇಲೆ ಡಿಎನ್‌ಎ ಎಳೆ ಅಂಟಿಸಿದ್ದೇನೆ. ಕೆಫೀನ್ ಬಂದು ಕೂತ್ರೆ ಎಳೆ ಮಡಚ್ತದೆ, ಅದರ ಚಾರ್ಜು ಸರೀತದೆ, ಕರೆಂಟು ಬದಲಾಗ್ತದೆ."

ಸೋಮವಾರ ಗೈಡಿಗೆ ತೋರಿಸಬೇಕಾಗಿದ್ದ ಆ ಟ್ರಾನ್ಸಿಸ್ಟರ್ ಚಿಪ್ ಅನ್ನು ಅವಳು ಭಾನುವಾರ ಮನೆಗೆ ತಂದಿದ್ದಳು. ಮಾವನ ಎಂಜಲನ್ನು ಅದರಲ್ಲಿ ನೋಡಲೇಬೇಕೆಂದು ಅತ್ತೆ ಹಟ ಹಿಡಿದರು. "ಕಾಫಿ ಸಿಕ್ಕಿದ್ರೆ ನಾಳೆಯಿಂದ ಇವರಿಗೆ ಹೋಟೆಲು ಬಂದ್. ಗಲ್ಲಾದಲ್ಲಿ ನನ್ನ ತಮ್ಮ ಕೂರ್ಲಿ."

"ಗಂಡನ ಎಂಜಲಿಗೂ ಪೊಲೀಸ್ ಕೇಸಾ ಮಾರಾಯ್ತಿ?" ಎಂದು ಮಾವ ಬೆವರಿದರು.

ಆಗ ನಾನು ಬಾಯಿ ಹಾಕಿದೆ: ಹೋಲಿಸಿ ನೋಡಲು, ಕಾಫಿ ಮುಟ್ಟದವರ ಎಂಜಲೂ ಬೇಕಲ್ಲ? ಎಲ್ಲರ ಕಣ್ಣೂ ಅತ್ತೆಯ ಮೇಲೆ.

"ನನ್ನದು ಎಂತಕ್ಕೆ?" ಎಂದರು. ಆದರೆ ಕೀರ್ತಿ ದೊಡ್ಡದು, ಉಗುಳಲೇಬೇಕಾಯಿತು.

ಮಾವನ ಎಂಜಲ ಹನಿಗೆ ಸುಮಕ್ಕನ ಲ್ಯಾಪ್‌ಟಾಪ್ ಪರದೆಯ ಗೆರೆ ಕೊಂಚ ಅಲುಗಿತು. ಅತ್ತೆಯದಕ್ಕೆ ಜಿಗಿಯಿತು.

"ಮೆಷಿನ್ ಹೀ ಖರಾಬ್ ಹೈ!" ಮಾವ ಚಪ್ಪಾಳೆ ತಟ್ಟಿದರು. "ಇವಳ ಬಾಯಲ್ಲಿ ಕಾಫಿಯಂತೆ!"

"ಹೌದು ಮಗಾ, ಎಲ್ಲೋ ವಯರ್ ಸಡಿಲ ಆಗಿರ್ಬೇಕು," ಎಂದರು ಅತ್ತೆ. ಆ ದಂಪತಿ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾವನ ಗಲ್ಲಾ ಉಳಿಯಿತು. ಸುಮಕ್ಕ ಮಾತ್ರ, ಅಮ್ಮ ಸುಳ್ಳು ಹೇಳುವವಳಲ್ಲ ಎಂದುಕೊಂಡು, ಚಿಪ್ ಅನ್ನು ಗೈಡಿಗೆ ತೋರಿಸದೆ ಎಸೆದು, ಕೆಲಸವನ್ನೆಲ್ಲ ಮೊದಲಿನಿಂದ ಶುರುಮಾಡಿದಳು.

ಯಂತ್ರ ಸರಿಯಾಗಿಯೇ ಇತ್ತು ಎಂಬುದು ನನ್ನ ವಾದ. ಎಂಜಲಿನ ಉಪ್ಪಿಗೂ ಗೆರೆ ಜಿಗಿಯಬಹುದು, ಒಪ್ಪುತ್ತೇನೆ. ಎದುರಾಳಿಯ ವಾದವನ್ನೂ ಹೇಳಬೇಕಲ್ಲ. ಮೊನ್ನೆ ನೆಂಟರೆಲ್ಲ ನಕ್ಕರು. ಸುಮಕ್ಕನೂ ತನ್ನ ಯಂತ್ರವನ್ನೇ ಆಡಿಕೊಂಡು ನಕ್ಕಳು. ವಾದ ಗೆಲ್ಲುವ ಉಮೇದು ನನಗೆ ಆಗ ಇಳಿದೇಹೋಯಿತು. ಎದ್ದು ಅಡುಗೆಮನೆಗೆ ಹೋಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದೆ:

"ಅತ್ತೆ, ಅಕ್ಕ ಅದನ್ನು ಎಸೆಯುವಾಗ ನೀವು ಯಾಕೆ ಸುಮ್ಮನಿದ್ರಿ?"