ಅಕ್ಕೋರು ಹಾಕದ ಸಹಿ

ಅಕ್ಕೋರ ಸೀರೆಗಳೆಲ್ಲ ಮೊಣಕಾಲಿನ ಜಾಗದಲ್ಲಿ ಮೊದಲು ಸವೆಯುತ್ತಿದ್ದವು. ಅಂಚು, ಸೆರಗು ಗಟ್ಟಿಯಾಗಿಯೇ ಇರುತ್ತಿದ್ದವು. ಮೊಣಕಾಲಿನ ಹತ್ತಿರ ಮಾತ್ರ ಬಣ್ಣ ಹೋಗಿ ಎಳೆ ಬಿಟ್ಟಿರುತ್ತಿತ್ತು. ಎತ್ತರದ ಹೆಂಗಸು. ಮಗು ಏನಾದರೂ ಹೇಳಲು ಬಂದರೆ ನಿಂತು ಕೇಳುತ್ತಿರಲಿಲ್ಲ. ತಲೆಯ ಮೇಲಿನ ಸೆರಗು ಜಾರದಂತೆ ಒಂದು ಕೈಯಲ್ಲಿ ಹಿಡಿದು, ಸಿಮೆಂಟಿನ ನೆಲದ ಮೇಲೆ ಎರಡೂ ಮೊಣಕಾಲೂರಿ, ಕಿವಿಯನ್ನು ಅದರ ಬಾಯಿಯ ಹತ್ತಿರ ಒಯ್ಯುತ್ತಿದ್ದರು. ವಯಸ್ಸಾದ ಮೇಲೆ ಏಳುವಾಗ ಡೆಸ್ಕು ಹಿಡಿಯಬೇಕಾಗುತ್ತಿತ್ತು. ಆದರೂ ಮೊಣಕಾಲೂರುವುದನ್ನು ಬಿಡಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಬಿ.ಎಡ್. ಓದುವಾಗ. ನಮ್ಮೂರು ಮುಂಡಗೋಡ ತಾಲ್ಲೂಕಿನ ಇಂದೂರ. ಸೋದರಮಾವ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದುದರಿಂದ ಅವನ ಮನೆಯಲ್ಲಿದ್ದು ಓದುತ್ತಿದ್ದೆ. ಬೋಧನಾಭ್ಯಾಸಕ್ಕೆಂದು ನಮ್ಮ ಕಾಲೇಜಿನವರು ಒಂದು ಗುಂಪನ್ನು ಅಕ್ಕೋರ ಶಾಲೆಗೆ ಹಾಕಿದರು. ನಾಲ್ಕು ತಿಂಗಳು ಮಕ್ಕಳ ಮುಂದೆ ನಿಂತು ಪಾಠ ಮಾಡಬೇಕು, ಅದನ್ನು ಶಾಲೆಯ ಹಿರಿಯ ಶಿಕ್ಷಕಿ ನೋಡಿ ಸಹಿ ಹಾಕಬೇಕು, ಆಮೇಲೆಯೇ ನಮಗೆ ಪದವಿ. ಆ ಹಿರಿಯ ಶಿಕ್ಷಕಿ ಅಕ್ಕೋರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಮದುವೆಯಾಗಿರಲಿಲ್ಲ. ಲಾರಿ ಮೆಕ್ಯಾನಿಕ್ ಆಗಿದ್ದ ತಮ್ಮನ ಗ್ಯಾರೇಜಿನ ಹಿಂದಿನ ಮನೆಯಲ್ಲಿ ಅವನ ಸಂಸಾರದ ಜೊತೆಗಿದ್ದರು.

ಮೊದಲ ದಿನ ನಾವು ಬಣ್ಣಬಣ್ಣದ ಚಾರ್ಟುಗಳನ್ನು ಸುತ್ತಿ ಹಿಡಿದುಕೊಂಡು ಹೋಗಿದ್ದೆವು. ಅಕ್ಕೋರು ಅವುಗಳನ್ನು ಕಪಾಟಿನ ಮೇಲಿಡಿಸಿದರು.

"ಈಗ ಪಾಠ ಮಾಡೂದು ಬ್ಯಾಡ. ಹಿಂದ ಕೂಡ್ರಿ," ಅಂದರು. "ಮುಂದ ನಿಂತವ್ರಿಗೆ ಬರೇ ಮಾರಿ ಕಾಣ್ತಾವು. ಹಿಂದ ಕೂತ್ರ ಡೆಸ್ಕಿನ ಕೆಳಗ ಏನ ನಡದೈತಿ ಅನ್ನೂದೂ ಕಾಣ್ತೈತಿ."

ಎರಡು ವಾರ ಹಿಂದಿನ ಸಾಲಿನಲ್ಲಿ ಸಣ್ಣ ಮಕ್ಕಳ ಡೆಸ್ಕಿನಲ್ಲಿ ಕಾಲು ತೂರಿಸಿಕೊಂಡು ಕೂತೆವು. ನನಗೆ ಸಿಟ್ಟು ಬರುತ್ತಿತ್ತು. ಅಕ್ಕೋರು ಹಾಜರಿ ಕರೆಯುವುದಕ್ಕೇ ಎಷ್ಟೋ ಹೊತ್ತು ಹಿಡಿಯುತ್ತಿದ್ದರು. ಹೆಸರು ಕೂಗಿ, ಪ್ರತಿ ಸಲ ತಲೆಯೆತ್ತಿ, ಆ ಮಗುವಿನ ಮುಖ ನೋಡಿ, ಆಮೇಲೆ ಮುಂದಿನ ಹೆಸರು. "ಹಾಜರ್ ಅನ್ನೂದು ಬಾಯಿ. ಮಾರಿ ಏನಂತೈತಿ ಅದನ್ನೂ ಕೇಳಬೇಕಲ್ಲ?" ಅನ್ನುತ್ತಿದ್ದರು.

ಕಡೆಗೆ ನನ್ನ ಸರದಿ ಬಂತು. ವಿಜ್ಞಾನದ ಪಾಠ. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಒಂದು ಮಾತೂ ತಪ್ಪಲಿಲ್ಲ. ಗಂಟೆ ಹೊಡೆದ ಮೇಲೆ ಮೆಚ್ಚುಗೆಯ ಮಾತು ಬರುತ್ತದೆಂದು ಅಕ್ಕೋರ ಹತ್ತಿರ ಹೋಗಿ ನಿಂತೆ.

"ಪಾಠ ಚಲೋ ಆತು," ಅಂದರು. "ಕಿಡಕಿ ಕಡೆ ಕೂತ ಹುಡುಗಿ ಯಾಕ ಅಳ್ತಿದ್ಲು?"

ಯಾರೂ ಅತ್ತದ್ದು ನನಗೆ ಕಂಡಿರಲಿಲ್ಲ.

"ನೀ ನೀರು ಆವಿ ಆಗೂದ ಹೇಳ್ತಿದ್ದಿ. ಆಕಿ ಅಳ್ತಿದ್ಲು. ಅಷ್ಟ ಹತ್ರ ಇದ್ರೂ ಕಾಣಲಿಲ್ಲ ನಿನಗ. ಹೋಗು, ಕೇಳು."

ಹೋಗಿ ಕೇಳಿದೆ. ಅವಳ ಅಪ್ಪನನ್ನು ಹಿಂದಿನ ದಿನ ಧಾರವಾಡದ ಆಸ್ಪತ್ರೆಗೆ ಒಯ್ದಿದ್ದರಂತೆ. ಮನೆಯಲ್ಲಿ ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಅವತ್ತು ಮಾವನ ಮನೆಗೆ ನಡೆದು ಹೋಗುವಾಗ ನನ್ನ ಚಾರ್ಟು ಕಂಕುಳಲ್ಲಿ ಭಾರವಾಗಿತ್ತು.

ನಮ್ಮ ಗುಂಪಿನಲ್ಲಿ ಹೆಸರು ಹಲವರದಿತ್ತು, ಬರುತ್ತಿದ್ದವರು ಕೆಲವರೇ. ಉಳಿದವರು ಪರೀಕ್ಷೆಗೆ ಮಾತ್ರ ಮುಖ ತೋರಿಸುವವರು. ಕಾಲೇಜಿಗೆ ಅದು ಗೊತ್ತಿತ್ತು. ಕಾಲ ಬಂದಾಗ ಶಾಲೆಯವರು ಸಹಿ ಹಾಕಿ ಕಳಿಸುವುದು ವಾಡಿಕೆ.

ಬರುವುದೂ ಅಲ್ಲದ, ಬಾರದೆ ಇರುವುದೂ ಅಲ್ಲದ ಒಬ್ಬನಿದ್ದ. ಗಣೇಶಗುಡಿಯವನು. ಹೊಳೆಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕರೆದೊಯ್ಯುವ ಕೆಲಸ. ನನಗಿಂತ ದೊಡ್ಡವನು, ಹೆಂಡತಿ, ಒಂದು ಕೂಸು, ಹಾಸಿಗೆ ಹಿಡಿದ ತಾಯಿ. ಮೊದಲ ಕೆಲವು ದಿನ ಬಂದ. ದೋಣಿಯ ಹಗ್ಗ ತಂದು ಗಂಟು ಹಾಕುವುದನ್ನು ತೋರಿಸುತ್ತ ಕೋನ, ವೃತ್ತಗಳನ್ನು ಕಲಿಸಿದ. ಇಡೀ ತರಗತಿ ಅವನ ಮೈಮೇಲೆ ಬೀಳುತ್ತಿತ್ತು. ಅಕ್ಕೋರು ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. "ಇವ ಹುಟ್ಟಾ ಮಾಸ್ತರ ಅದಾನ," ಅಂದಿದ್ದರು. ಆಮೇಲೆ ಪ್ರವಾಸಿಗರ ದಿನಗಳು ಶುರುವಾದವು. ಅವನು ಬರುವುದು ನಿಂತಿತು.

ನಾಲ್ಕು ತಿಂಗಳು ಮುಗಿಯುತ್ತ ಬಂದಾಗ ಒಂದು ಭಾನುವಾರ ನಾನು ಅಕ್ಕೋರ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ಅವನು ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತ.

"ಅಕ್ಕೋರ, ನನಗ ಪಾಠ ಮಾಡಾಕ ಬರ್ತೈತಿ ಅಂತ ನಿಮಗ ಗೊತ್ತೈತಿ."

"ಬರ್ತೈತಿ ತಮ್ಮಾ."

"ಮತ್ತ ಸಹಿಗೆ ಏನ ಅಡ್ಡಿ ರೀ?"

"ನೀ ಬಂದಿಲ್ಲ."

"ಬಂದ್ರ ಮನ್ಯಾಗ ಒಲಿ ಹತ್ತೂದಿಲ್ಲ ರೀ. ಬೋಟಿಗೆ ಇಳದ ದಿನಾ ಅಷ್ಟ ಪಗಾರ. ಇಷ್ಟ ತಿಂಗಳ ಪುಕ್ಕಟೆ ಸಾಲಿಗೆ ಬಾ ಅಂದ್ರ ನನ್ನಂಥವ ಹೆಂಗ ಬರಬೇಕ್ರೀ? ಅಪ್ಪನ ಮನ್ಯಾಗ ಕೂತ ಉಣ್ಣವ್ರ ಅಷ್ಟ ಮಾಸ್ತರ ಆಗಬೇಕೇನು?"

ಅಕ್ಕೋರು ತಲೆಯಾಡಿಸಿದರು.

"ನಿಂದು ಖರೆ ಐತಿ," ಅಂದರು.

"ಖರೆ ಇದ್ರ ಹಾಕ್ರಿ."

"ಹಾಕೂದಿಲ್ಲ."

ಅವನು ಗ್ಯಾರೇಜಿನ ಎಣ್ಣೆಯ ನೆಲದ ಮೇಲೆ ಜಾರದಂತೆ ಹೆಜ್ಜೆ ನೋಡಿ ಇಡುತ್ತ ಹೊರಟುಹೋದ.

ನನಗೆ ತಡೆಯಲಾಗಲಿಲ್ಲ. "ನಿಮಗ ಒಂದ ಸಹಿ ಅಕ್ಕೋರ. ಅವಗ ಅದ ಜೀವನ," ಅಂದೆ.

ಆಗ ಅವರು ಹೇಳಿದರು. ಚಹಾದ ಬಸಿ ಕೆಳಗಿಟ್ಟು, ನನ್ನ ಕಡೆ ನೋಡದೆ, ಗ್ಯಾರೇಜಿನಲ್ಲಿ ಬಿಚ್ಚಿಟ್ಟಿದ್ದ ಲಾರಿಯ ಕಡೆ ನೋಡುತ್ತ ಹೇಳಿದರು.

ಅವರು ಮಾಸ್ತರಿಕೆಯ ತರಬೇತಿ ಓದುವಾಗ ತಂದೆಗೆ ಲಕ್ವ ಹೊಡೆದಿತ್ತು. ಅಕ್ಕೋರು ಅವರ ಸೇವೆಗೆ ಮನೆಯಲ್ಲಿ ಉಳಿದರು. ಬೋಧನಾಭ್ಯಾಸಕ್ಕೆ ಒಂದು ದಿನವೂ ಹೋಗಲಿಲ್ಲ. ಬಡವರ ಹುಡುಗಿ, ಜಾಣೆ, ಯಾಕೆ ಅವಳ ವರ್ಷ ಹಾಳು ಮಾಡಬೇಕು ಎಂದು ಒಬ್ಬ ಹಿರಿಯ ಮಾಸ್ತರರು ಎಲ್ಲ ಪಾಠಗಳೂ ಆದವೆಂದು ಸಹಿ ಹಾಕಿಕೊಟ್ಟರು. ಪಾಸಾದರು. ಕೆಲಸವೂ ಸಿಕ್ಕಿತು, ಜೋಯಿಡಾ ಕಡೆಯ ಕಾಡಿನ ಒಂದು ಶಾಲೆಯಲ್ಲಿ. ಇಡೀ ಶಾಲೆಗೆ ಅವರೊಬ್ಬರೇ. ಅಲ್ಲಿನ ಮಕ್ಕಳ ಮನೆಮಾತು ಕೊಂಕಣಿ.

"ಅದು ನಾ ಸಾಲಿಗೆ ಸೇರಿದ ಹೊಸದು. ಹುಡುಗ್ರು ದಿನಾ ಒಂದ ನೆವಾ ತರೋವು. ಹೊಟ್ಟಿ ನೋವು, ತಲಿ ನೋವು, ಮನಿಗೆ ಹೋಗ್ತೇವಿ ಅಂತ. ಯಾರದು ಖರೆ ಯಾರದು ಸುಳ್ಳು ನನಗ ತಿಳೀತಿದ್ದಿಲ್ಲ. ಒಂದಿನ ಮುಂಜಾನೆ ಒಬ್ಬಾಕಿ ಹುಡುಗಿ ಬಂದು, ಪೋಟ ದುಕ್ತಾ ಅಂದ್ಲು. ನಮ್ಮ ಮನಿ ಮಾತಿನ್ಯಾಗೂ ಹೊಟ್ಟಿ ನೋವಿಗೆ ಪೇಟ್ ದುಖ್ತಾ ಅಂತನ ಅಂತಾರ ತಂಗಿ. ತಿಳೀಲಿಲ್ಲ ಅನ್ನಾಕೂ ನನಗ ಹಾದಿ ಇಲ್ಲ. ತಿಳೀತು. ಸುಳ್ಳು ಅಂದ್ಕೊಂಡೆ."

ಆ ಹುಡುಗಿಯ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿದ್ದವು. ಅಕ್ಕೋರಿಗೆ ಅದು ನಿದ್ದೆಯಂತೆ ಕಂಡಿತು. ತೂಕಡಿಸಬೇಡ ಎಂದು ಬೈದು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಉಳಿದ ಮಕ್ಕಳಿಗೆ ಮಗ್ಗಿ ಹೇಳಿಸಿದರು. ಮಗ್ಗಿಯ ನಡುವೆ ಅವಳು ಗೋಡೆಗುಂಟ ಜಾರಿ ಕೂತಳು. ನಾಟಕ ಎಂದು ಅಕ್ಕೋರು ತೋಳು ಹಿಡಿದು ಎಬ್ಬಿಸಿ ಮತ್ತೆ ನಿಲ್ಲಿಸಿದರು. ಎರಡನೇ ಸಲ ಬಿದ್ದಾಗ ಉಸಿರು ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ಬಂದು ಹೊತ್ತುಕೊಂಡು ರಸ್ತೆಯ ಕಡೆ ಓಡಿದ. ವಾಹನ ಸಿಗುವ ಮೊದಲೇ ಮುಗಿದಿತ್ತು. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿತ್ತು. ಅದು ಕಚ್ಚಿದರೆ ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ. ಮೊದಲು ಹೊಟ್ಟೆ ನೋಯುತ್ತದೆ, ಆಮೇಲೆ ರೆಪ್ಪೆ ಬೀಳುತ್ತವೆ.

"ಆಸ್ಪತ್ರೆ ಅಷ್ಟ ದೂರ ಇತ್ತಲ್ಲ ಅಕ್ಕೋರ," ಅಂದೆ. "ನೀವು ಕೂಡ್ಲೆ ಕಳಿಸಿದ್ರೂ ಉಳೀತಿದ್ಲೋ ಇಲ್ಲೋ."

"ಇರಬಹುದು. ಆದ್ರ ಗ್ವಾಡಿಗೆ ಮಾರಿ ಮಾಡಿ ನಿಂತು ಸಾಯಬೇಕಾಗಿರಲಿಲ್ಲ."

ಅವರ ದನಿ ಏರಲಿಲ್ಲ, ಇಳಿಯಲಿಲ್ಲ. "ಆ ಮನಿಯವ್ರು ನನಗ ಬೈಲಿಲ್ಲ. ಹಾವಿಗೆ ಬೈದ್ರು. ಅವ್ರ ಅವ್ವ ನನಗ ನೀರ ಕೊಟ್ಲು. ಯಾರೂ ಒಂದ ಮಾತ ಕೇಳಲಿಲ್ಲ. ನೆವಾ ಹೇಳೋ ಹುಡುಗ ನಮ್ಮ ಮಾರಿ ನೋಡ್ತೈತಿ, ನಂಬಿದ್ಲೋ ಇಲ್ಲೋ ಅಂತ. ನೋವಾದ ಹುಡುಗ ನಮ್ಮ ಮಾರಿ ನೋಡೂದಿಲ್ಲ. ಇಷ್ಟ ಸಣ್ಣದು. ಯಾರರ ಹಿಂದ ಕೂತು ನನ್ನ ಪಾಠ ನೋಡಿದ್ರ ಮೊದಲ ವಾರದಾಗ ಹೇಳಿಕೊಡ್ತಿದ್ರು. ನನಗೂ ಒಬ್ರು ದಯಾ ತೋರಿಸಿ ಸಹಿ ಹಾಕಿದ್ರು ತಂಗಿ."

ನಾನು ಬಸಿಗಳನ್ನು ಎತ್ತಿಕೊಂಡು ಒಳಗೆ ತೊಳೆಯಲು ಹೋದೆ.

ಅಕ್ಕೋರು ಬಾರದವರ ಯಾರ ಹೆಸರಿಗೂ ಸಹಿ ಹಾಕಲಿಲ್ಲ. ಕಾಲೇಜಿನಿಂದ ಜನ ಬಂದರು, ಊರಿನ ದೊಡ್ಡವರು ಹೇಳಿಸಿದರು. ಬಗ್ಗಲಿಲ್ಲ. ಆದರೆ ಅದರಿಂದ ಆದದ್ದೇನು? ಉಳಿದವರೆಲ್ಲ ಬೇರೆ ಶಾಲೆಯಿಂದ ಹೇಗೋ ಸಹಿ ಹಾಕಿಸಿಕೊಂಡರು. ಕೈ ಬಿಸಿ ಮಾಡುವ ಶಕ್ತಿಯಿಲ್ಲದೆ, ಹೇಳಿಸುವವರೂ ಇಲ್ಲದೆ ನಿಂತುಹೋದವನು ಆ ದೋಣಿಯವನೊಬ್ಬ. ಒಳ್ಳೆಯ ಮಾಸ್ತರನಾಗಬಹುದಾಗಿದ್ದವನೂ ಅವನೇ.

ಒಂದು ಸಂತೆಯ ದಿನ ತರಕಾರಿಯವರ ನಡುವೆ ಅವನು ಅಕ್ಕೋರನ್ನು ಎದುರಿಗೆ ಕಂಡ. ನಾನೂ ಜೊತೆಗಿದ್ದೆ.

"ನಿಮಗೇನ್ರೀ, ತಿಂಗಳಾದ್ರ ಸರಕಾರಿ ಪಗಾರ," ಎಂದು ಎಲ್ಲರಿಗೂ ಕೇಳುವಂತೆ ಅಂದ. "ರೊಕ್ಕ ಇದ್ದವ್ರು ಎಲ್ಲಾರೂ ಪಾಸ್ ಆದ್ರು. ನಿಮ್ಮ ನ್ಯಾಯ ನನ್ನ ಒಬ್ಬನ ಕುತಗಿಗೆ ಬಂತು."

ಅಕ್ಕೋರು ಕೈಯಲ್ಲಿ ಹಿಡಿದಿದ್ದ ಬದನೆಕಾಯಿ ಕೆಳಗಿಟ್ಟರು. ಅವನು ಹೋಗುವವರೆಗೂ ನಿಂತೇ ಇದ್ದರು. ಏನೂ ಕೊಳ್ಳದೆ ಮನೆಗೆ ಬಂದರು.

ಮರುವಾರ ನನ್ನನ್ನು ಕರೆದರು. "ಗಣೇಶಗುಡಿಗೆ ಹೋಗೂಣು, ಬಾ." ಮಳೆ ಹಿಡಿದಿತ್ತು. ಬಸ್ಸಿಳಿದು ಕೆಸರಿನಲ್ಲಿ ನಡೆದು ಅವನ ಮನೆ ಹುಡುಕಿದೆವು. ಹೆಂಡತಿ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಅವ್ರು ಮನ್ಯಾಗ ಇಲ್ರೀ," ಅಂದಳು. ಅವನ ಚಪ್ಪಲಿ ಹೊಸ್ತಿಲ ಹೊರಗೇ ಇತ್ತು.

ಅಕ್ಕೋರು ಅಂಗಳದಲ್ಲಿ ಕೊಡೆ ಹಿಡಿದು ನಿಂತು ಒಳಗೆ ಕೇಳುವಂತೆ ಹೇಳಿದರು: "ತಮ್ಮಾ, ಮಳಿ ಹತ್ತೈತಿ, ಇನ್ನ ಬೋಟ್ ಬಂದ್ ಇರ್ತಾವು. ಈಗ ಬಾ. ಕಾಲೇಜಿನವ್ರ ಕೂಡ ನಾ ಮಾತಾಡ್ತೇನಿ. ಪಾಠ ಮುಗಿಯೂತನಾ ನಿನ್ನ ಮನಿ ಖರ್ಚಿಂದು ನಾ ನೋಡ್ಕೋತೇನಿ. ಇದು ಭಿಕ್ಷಾ ಅಲ್ಲ."

ಒಳಗೆ ಯಾರೋ ಕೆಮ್ಮಿದರು, ಬಹುಶಃ ತಾಯಿ. ಹೆಂಡತಿ ನಮ್ಮನ್ನೂ ನೋಡಲಾರದೆ ಒಳಗೂ ಹೋಗಲಾರದೆ ಕೂಸಿನ ತಲೆ ಸವರುತ್ತ ನಿಂತಿದ್ದಳು. ನಾವು ಮರಳಿದೆವು. ಮಳೆಗಾಲವಿಡೀ ಅಕ್ಕೋರು ಕಾದರು. ಅವನು ಬರಲಿಲ್ಲ. ಮುಂದೆ ಸಂಸಾರ ಕಟ್ಟಿಕೊಂಡು ಗೋವಾಕ್ಕೆ ಹೋದನಂತೆ.

ನನಗೆ ಹಳಿಯಾಳ ತಾಲ್ಲೂಕಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಕ್ಕೋರು ನಿವೃತ್ತರಾದ ಮರುವರ್ಷವೇ ಕಾಯಿಲೆ ಬಿದ್ದರು. ಹೊಟ್ಟೆಯಲ್ಲಿ ಗಡ್ಡೆ, ಆಗಲೇ ಹರಡಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನೋಡಲು ಹೋದಾಗ ತೋಳು ಕಡ್ಡಿಯಾಗಿತ್ತು. ನೋವು ತಡೆಯದೆ ತುಟಿ ಕಚ್ಚುತ್ತಿದ್ದರು. ನರ್ಸ್ ಬಂದು ಹೇಗಿದೆ ಎಂದರೆ ಗೋಡೆ ಕಡೆ ನೋಡಿ, "ಆರಾಮ ಐತ್ರಿ," ಅನ್ನುತ್ತಿದ್ದರು.

ಕೇಳಬಾರದೆಂದುಕೊಂಡರೂ ಕೇಳಿಯೇಬಿಟ್ಟೆ: "ಆ ಬೋಟಿನವ ಈಗ ಬಂದು ಕೇಳಿದ್ರ ಸಹಿ ಹಾಕ್ತಿದ್ರೇನು ಅಕ್ಕೋರ?"

ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದುಕೊಂಡೆ.

"ಇಲ್ಲ," ಅಂದರು. ಮತ್ತೆ ಉಸಿರು ಕೂಡಿಸಿಕೊಂಡು, "ಆದ್ರ ಅವ ಸಾಲಿಗೆ ಬರೂದು ಬಿಟ್ಟ ದಿನಾನ ಅವ್ರ ಮನಿಗೆ ಹೋಗ್ತಿದ್ದೆ. ಎಲ್ಲಾ ಮುಗದಮ್ಯಾಲ ಹೋದೆ ನಾನು. ತಡಾ ಆತು."

ಮಳೆ ಬೀಳುವ ಮೊದಲೇ ತೀರಿಕೊಂಡರು. ಅವರಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಗ್ಯಾರೇಜಿನ ಮುಂದೆ ರಸ್ತೆಯ ಅಂಚಿನಲ್ಲಿ ಅವರ ಮನೆಯ ಹೆಂಗಸರ ಜೊತೆ ನಿಂತು, ಗಂಡಸರ ಹೆಗಲ ಮೇಲೆ ಅವರು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಅವರ ತಮ್ಮ ಅವತ್ತು ಮೊದಲ ಸಲ ನನ್ನನ್ನು ಅಕ್ಕಾ ಎಂದು ಕರೆದ.

ಈಗ ನಮ್ಮ ಶಾಲೆಗೂ ಬಿ.ಎಡ್. ಹುಡುಗ ಹುಡುಗಿಯರು ಬರುತ್ತಾರೆ. ಇದೆಲ್ಲ ಕಡ್ಡಾಯ ಯಾಕೆ ಬೇಕು, ಬಡವರಿಗೆ ಹೊರೆ, ಕೆಲಸಕ್ಕೆ ಸೇರಿದ ಮೇಲೆ ತಾನಾಗಿ ಬರುತ್ತದೆ ಎಂದು ತಾಲ್ಲೂಕಿನ ಸಭೆಗಳಲ್ಲಿ ಜನ ಮಾತಾಡುತ್ತಾರೆ. ಹೊರೆ ಎನ್ನುವುದು ನಿಜ. ನಾನು ಅಲ್ಲಿ ಬಾಯಿ ತೆರೆಯುವುದಿಲ್ಲ; ತೆರೆದರೆ ಆ ಗೋಡೆಯ ಮಾತು ಹೇಳಬೇಕಾಗುತ್ತದೆ.

ಈ ವರ್ಷ ಬಂದವರಲ್ಲಿ ಒಬ್ಬಳು ದಸರಾ ರಜೆಯ ನಂತರ ಬರಲಿಲ್ಲ. ಪಾಳಾದಿಂದ ಹಳಿಯಾಳಕ್ಕೆ ಮದುವೆಯಾಗಿ ಬಂದವಳು. ಅವತ್ತು ಸಂಜೆಯೇ ಅವಳ ಮನೆ ಹುಡುಕಿಕೊಂಡು ಹೋದೆ. ಅತ್ತೆ ಬಾಗಿಲಲ್ಲೇ ನಿಲ್ಲಿಸಿ, "ಪಗಾರ ಇಲ್ಲದ ಕೆಲಸಕ್ಕ ಸೊಸಿನ ಕಳಸೂದಿಲ್ರೀ," ಅಂದರು. ಅವಳು ಅತ್ತೆಯ ಹಿಂದೆ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಎರಡನೆಯ ಸಲ ಹೋದಾಗ ಒಳಗೆ ಕರೆದರು, ಚಹಾ ಕೊಟ್ಟರು, ಮಾತು ಮಾತ್ರ ಅದೇ.

ಅವಳು ಇನ್ನೂ ಬಂದಿಲ್ಲ. ನಾನು ಸಹಿ ಹಾಕಿಲ್ಲ. ಸೋಮವಾರ ಮತ್ತೆ ಹೋಗುತ್ತೇನೆ.